ಕಿವುಡು ಎಂದು ಬರೆದಿದ್ದ ನಾಯಿ

ಆ ನಾಯಿ ಕಿವುಡಲ್ಲ. ಅದಕ್ಕೆ ಕನ್ನಡ, ತುಳು, ಇಂಗ್ಲಿಷ್ ಮೂರೂ ಬರುತ್ತಿರಲಿಲ್ಲ, ಅಷ್ಟೇ. ಈಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಪ್ರೀತಿಯಿಂದ ಗುಣವಾಯಿತು ಎನ್ನುತ್ತಾಳೆ ಮೊಮ್ಮಗಳು. ದೈವದ ದಯೆ ಎನ್ನುತ್ತಾಳೆ ಸೊಸೆ. ಎರಡೂ ಸುಳ್ಳು.

ಮೊಮ್ಮಗಳಿಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ. ರಜೆಯ ದಿನ ಮನೆಗೆ ಬಂದು ಪಾತ್ರೆ ತೊಳೆಯುವ ಬದಲು ಬೀದಿನಾಯಿಗಳ ಶೆಲ್ಟರಿಗೆ ಹೋಗಿ ನಾಯಿಗಳನ್ನು ತೊಳೆಯುತ್ತಾಳೆ. ಒಂದು ಭಾನುವಾರ ಕಾಪುವಿನ ನಮ್ಮ ಮನೆಯ ಎದುರು ಆಟೋ ನಿಂತಿತು. ಮೊದಲು ಇಳಿದದ್ದು ನಾಯಿ. ಕಂದು ಬಣ್ಣ, ಬಿಳಿಯಾದ ಮೂತಿ, ನಡೆಯುವುದರಲ್ಲಿ ಯಾವ ಅವಸರವೂ ಇಲ್ಲ. ಉಡುಪಿಯ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಅದನ್ನು ಯಾರೋ ಕಟ್ಟಿ ಹೋಗಿದ್ದರಂತೆ. ಶೆಲ್ಟರಿನ ಕಾಗದದಲ್ಲಿ ‘ವಯಸ್ಸಾಗಿದೆ, ಕಿವುಡು’ ಎಂದು ಬರೆದಿತ್ತು.

“ಹದಿನೈದು ದಿನ ಮಾತ್ರ ಅಜ್ಜಿ. ಅಷ್ಟರಲ್ಲಿ ಇದಕ್ಕೊಂದು ಪರ್ಮನೆಂಟ್ ಮನೆ ಹುಡುಕ್ತೇನೆ.”

“ಸಿಗದಿದ್ರೆ?”

“ವಾಪಸ್ ಶೆಲ್ಟರಿನ ಗೂಡಿಗೆ. ಒಮ್ಮೆ ವಾಪಸ್ ಹೋದ ಮುದಿ ನಾಯಿಯನ್ನು ಮತ್ತೆ ಯಾರೂ ಕೇಳುವುದಿಲ್ಲ. ಸಾಯುವವರೆಗೆ ಅಲ್ಲೇ.”

“ಇಲ್ಲಿ ಇಡ್ಲಿಕ್ಕೆ ಆಗುವುದಿಲ್ಲ. ಈಗಲೇ ಹೇಳಿದ್ದೇನೆ.”

ಹಟಕ್ಕೆ ಹೇಳಿದ್ದಲ್ಲ. ನಮ್ಮ ಅಂಗಳದಲ್ಲಿ ಒಣಮೀನು ಹಾಸಿರುತ್ತದೆ. ಆ ನಾಯಿ ಬಂದ ದಿನವೇ ಒಂದು ಸಾಲು ನಂಗು ಮೀನು ಮುಗಿಸಿ, ಎರಡನೇ ಸಾಲಿನ ಎದುರು ನಿಂತು ನನ್ನ ಮುಖ ನೋಡಿತು. ನಾನು ಬೈದೆ. ಅದು ತಿಂದಿತು. ಮೂವತ್ತು ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಕೂಗಿ ಮೀನು ಮಾರಿದ ಗಂಟಲು ನನ್ನದು. ಅದಕ್ಕೂ ಕದಲದ ಪ್ರಾಣಿ ಕಿವುಡೇ ಸರಿ ಎಂದು ನಾನೂ ನಂಬಿದೆ. ಸೊಸೆ ಅದರ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿದಳು. ಬಸ್‌ಸ್ಟ್ಯಾಂಡಿನ ಹಾರ್ನುಗಳ ನಡುವೆ ಇದ್ದ ನಾಯಿಗೆ ತಟ್ಟೆ ಯಾವ ಲೆಕ್ಕ? ಪಕ್ಕದ ಮನೆಯ ಹಸುಗೂಸು ಮಾತ್ರ ಎದ್ದು ಅತ್ತಿತು.

ಅಂದಿನಿಂದ ದಿನವಿಡೀ ಕೋಲು ಹಿಡಿದು ಮೀನಿನ ಪಕ್ಕ ಕುಳಿತುಕೊಳ್ಳುವುದೇ ನನ್ನ ಕೆಲಸವಾಯಿತು.

ನೋಡಲು ಜನ ಬಂದರು. ಮೊದಲು ಬಂದದ್ದು ಮಣಿಪಾಲದ ಗಂಡ ಹೆಂಡತಿ. “ಸಿಟ್, ಬೇಬಿ, ಸಿಟ್” ಎಂದು ಹೆಂಡತಿ ಅರ್ಧ ಗಂಟೆ ಬೇಡಿಕೊಂಡಳು. ಕೊನೆಗೆ ಗಂಡನೇ ಕುಳಿತ. ಆಮೇಲೆ ಇನ್ನಂಜೆಯ ಗದ್ದೆಯವನೊಬ್ಬ ಬಂದು ನಾಯಿಯ ಮೂತಿಯ ಹತ್ತಿರ ಚಪ್ಪಾಳೆ ತಟ್ಟಿದ.

“ಕಿವಿ ಕೇಳದ ನಾಯಿ ಎಂತ ಕಾಯ್ತದೆ ಅಮ್ಮ? ಕಳ್ಳ ಬಂದ್ರೆ ನಾನೇ ಎದ್ದು ಇದನ್ನು ಎಬ್ಬಿಸ್ಬೇಕಾ?”

“ನಿಮ್ಮ ಮನೆಯಲ್ಲಿ ಕಳ್ಳನಿಗೆ ಎಂತ ಉಂಟು ಮಾರಾಯ?” ಎಂದೆ. ಹೋದವನು ತಿರುಗಿ ನೋಡಲಿಲ್ಲ. ಮೊಮ್ಮಗಳು ನನ್ನ ಮೇಲೆ ಸಿಟ್ಟಾದಳು.

ಹದಿನಾಲ್ಕನೇ ದಿನ ಶನಿವಾರ. ಕಾರ್ಕಳದಿಂದ ಒಬ್ಬರು ಕೊಂಕಣಿ ಹೆಂಗಸು ವ್ಯಾನಿನಲ್ಲಿ ಬಂದರು. ಮನೆಯಲ್ಲೇ ಹಪ್ಪಳ ಮಾಡುವವರು. ತಾರಸಿಯಲ್ಲಿ ಒಣಗಲು ಇಟ್ಟ ಹಪ್ಪಳದಿಂದ ಕಾಗೆ ಓಡಿಸಲು ಅವರಿಗೊಂದು ನಾಯಿ ಬೇಕಿತ್ತು. ಇಡೀ ದಿನ ಮೇಲೆ ನಿಂತು ಹುಶ್ ಹುಶ್ ಎಂದು ಅವರ ಸ್ವರವೇ ಕಾಗೆಯ ಸ್ವರದಂತೆ ಆಗಿತ್ತು. ಕಿವುಡು ಎಂಬುದನ್ನು ಮೊಮ್ಮಗಳು ಮೊದಲೇ ಹೇಳಿಬಿಟ್ಟಳು. ಕಲಿತವರಿಗೆ ವ್ಯಾಪಾರ ಬರುವುದಿಲ್ಲ. ಅವರು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತರು. ನಿಂತ ಕಾಲಲ್ಲೇ ಹೋಗುತ್ತಾರೆ ಎಂದು ನನಗೆ ಅಂದಾಜಾಯಿತು.

ಬನ್ನಂಜೆಯಲ್ಲಿ ನನ್ನ ಹತ್ತಿರ ಮೀನು ತೆಗೆದುಕೊಳ್ಳುತ್ತಿದ್ದ ಮನೆಗಳಲ್ಲಿ ಮುಕ್ಕಾಲು ಪಾಲು ಕೊಂಕಣಿಯವರದ್ದು. ಬಂಗುಡೆ ತಾಜಾ ಎಂದು ಅವರ ಭಾಷೆಯಲ್ಲೇ ಹೇಳಿದರೆ ಅವರು ಬುಟ್ಟಿ ಇಳಿಸಲು ಕೈ ಕೊಡುತ್ತಿದ್ದರು. ಆ ಅಭ್ಯಾಸದಲ್ಲಿ ಕುರ್ಚಿ ಎಳೆದು ಹಾಕಿ ನಾನು ಅವರಿಗೆ, “ಬೈಸಾ, ಬೈಸಾ” ಎಂದೆ. ಕುಳಿತುಕೊಳ್ಳಿ ಎಂದು.

ನಾಯಿ ಕುಳಿತಿತು.

ಮೂವರೂ ಅದನ್ನೇ ನೋಡಿದೆವು. ಅದು ಬಾಲವನ್ನು ಕಾಲಿನೊಳಗೆ ಸೇರಿಸಿ, ಮುಂದಿನ ಮಾತಿಗೆ ಕಾಯುವವರ ಹಾಗೆ ಕತ್ತೆತ್ತಿತು.

ಆ ಹೆಂಗಸು ಮೆಲ್ಲ, “ಯೋ... ಹಾಂಗಾ ಯೋ” ಎಂದರು. ನಾಯಿ ಎದ್ದು ಅವರ ಹತ್ತಿರ ಹೋಗಿ, ಚಪ್ಪಲಿಯ ಮೇಲೆ ಗದ್ದ ಇಟ್ಟಿತು.

“ಅಯ್ಯೋ ದೇವರೇ, ಹೋ ಆಮ್ಚಿಗೆಲೋ!” ನಮ್ಮವನೇ ಎಂದು ಅವರು ಕೂಗಿದ ಕೂಗಿಗೆ ತೆಂಗಿನ ಮರದ ಕಾಗೆಗಳೂ ಹಾರಿದವು.

ನಾನು ಮೊಮ್ಮಗಳ ಕಡೆ ತಿರುಗಿದೆ. “ನಿನ್ನ ಶೆಲ್ಟರಿನ ಡಾಕ್ಟರು ಇದರ ಕಿವಿಯನ್ನು ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಿದ್ದು?”

“ಇಂಗ್ಲಿಷಿನಲ್ಲಿ ಇರ್ಬೇಕು ಅಜ್ಜಿ.”

ಆದರೂ ವ್ಯಾಪಾರ ಮುಗಿದಿರಲಿಲ್ಲ. ಆಕೆ ನಾಯಿಯ ಬಾಯಿ ತೆರೆದು ಹಲ್ಲು ನೋಡಿದರು.

“ಪ್ರಾಯ ಆಗಿದೆ. ಇನ್ನೆಷ್ಟು ವರ್ಷ ಇದ್ದೀತು?”

“ನಿಮ್ಮದನ್ನು, ನನ್ನದನ್ನು ಯಾರಾದ್ರೂ ಹಾಗೆ ಕೇಳಿದ್ರೆ ಎಂತ ಹೇಳುವುದು?”

ಅವರು ನಕ್ಕರು. “ಹಪ್ಪಳ ತಿಂತದಾ?”

“ಗೊತ್ತಿಲ್ಲ. ಮೀನು ತಿಂತದೆ. ಆದ್ರೆ ಈಗ ಬೈದ್ರೆ ಅದಕ್ಕೆ ಅರ್ಥ ಆಗ್ತದೆ, ಅಲ್ವಾ?”

ಕಾಗದ ತುಂಬಿಸುವಾಗ ಮೊಮ್ಮಗಳು ದೊಡ್ಡ ಆಫೀಸರರ ಹಾಗೆ, “ಪರ್ಮನೆಂಟಾಗಿ ಇಟ್ಕೊಳ್ತೀರಿ ಅಲ್ವಾ?” ಎಂದು ಕೇಳಿದಳು.

“ಬ್ಯಾಂಕಿನಲ್ಲಿ ಹನ್ನೆರಡು ವರ್ಷ ದುಡಿದು ನಾನೇ ಪರ್ಮನೆಂಟ್ ಆಗ್ಲಿಲ್ಲ ಮಗಾ. ಇದನ್ನಾದ್ರೂ ಮಾಡುವ” ಎಂದು ಅವರು ಸಹಿ ಹಾಕಿದರು.

ವ್ಯಾನು ಹೋಯಿತು. ಮೊಮ್ಮಗಳು ಗೇಟು ಹಿಡಿದು ಅತ್ತಳು. ನನಗೆ ಅಳು ಬರಲಿಲ್ಲ. ಹದಿನಾಲ್ಕು ದಿನದಲ್ಲಿ ಮೊದಲ ಸಲ ಅಂಗಳಕ್ಕೆ ಬೆನ್ನು ಹಾಕಿ ಮಲಗಿದೆ. ಆದರೆ ನಿದ್ರೆ ಬರಲಿಲ್ಲ. ಆ ಶೆಲ್ಟರಿನ ಉಳಿದ ಕಾಗದಗಳಲ್ಲಿ ಎಂತೆಂತ ಬರೆದಿದ್ದಾರೋ ಎಂಬುದು ತಲೆಗೆ ಹೊಕ್ಕಿತ್ತು.

ಮರುದಿನ ಬೆಳಿಗ್ಗೆ ಗಂಜಿ ಕುಡಿದು, ಮೊಮ್ಮಗಳನ್ನು ಎಬ್ಬಿಸಿ, ಅವಳ ಜೊತೆ ಬಸ್ಸು ಹತ್ತಿದೆ. ಶೆಲ್ಟರಿನಲ್ಲಿ ‘ಮಾತು ಕೇಳುವುದಿಲ್ಲ’ ಎಂದು ಬರೆದಿದ್ದ ಗೂಡುಗಳನ್ನೆಲ್ಲ ತೋರಿಸು ಎಂದೆ. ಮೊದಲನೆಯದರ ಎದುರು ನಿಂತು ಗಟ್ಟಿಯಾಗಿ ತುಳುವಿನಲ್ಲಿ “ಕುಲ್ಲು” ಎಂದೆ. ನಾಯಿ ನಿಂತೇ ಇತ್ತು. ಅನ್ನದ ಬಾಲ್ದಿ ಹಿಡಿದು ಬರುತ್ತಿದ್ದ ಹೆಂಗಸು ಗಾಬರಿಯಾಗಿ ಅಲ್ಲೇ ಕುಳಿತಳು. ಅವಳನ್ನು ಎಬ್ಬಿಸಿ, ನಾಯಿಗೆ ಕೊಂಕಣಿಯಲ್ಲಿ ಹೇಳಿ ನೋಡಿದೆ. ಆಗಲಿಲ್ಲ. ಬ್ಯಾರಿ ಭಾಷೆಯಲ್ಲಿ ನನಗೆ ಬರುವುದು ನಾಲ್ಕೇ ಮಾತು, ಅದರಲ್ಲಿ ಮೂರು ಮೀನಿನ ಹೆಸರು. ಅದನ್ನೂ ಹೇಳಿ, ಮುಂದಿನ ಗೂಡಿಗೆ ಹೋದೆ.