ನಲವತ್ತು ಮಷೀನು, ಒಂದೇ ಸ್ಟೋರೇಜು, ನಮ್ಮ ಜಯಮ್ಮ

ಗೆಳೆಯರೇ, ಇವತ್ತು ಚನ್ನರಾಯಪಟ್ಟಣದ ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ; ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನನ್ನದು. ಅರ್ಧ ಗಂಟೆ ಇರುವಾಗ ಕರೆಂಟ್ ಹೋಗಿ ಬಂತು. ಲ್ಯಾಬಿನ ನಲವತ್ತು ವರ್ಚುವಲ್ ಮಷೀನುಗಳಲ್ಲಿ, ಅಂದರೆ ಸರ್ವರಿನೊಳಗೇ ಓಡುವ ಕಂಪ್ಯೂಟರುಗಳಲ್ಲಿ, ಒಂದೂ ತೆರೆಯಲಿಲ್ಲ.

"ಎಲ್ಲಾ ಒಟ್ಟಿಗೆ ಎದ್ದು, ಡೇಟಾ ಓದಲು ಒಂದೇ ಸ್ಟೋರೇಜಿಗೆ ಮುಗಿಬಿದ್ದಿವೆ. ಹೊಸ ಸ್ಟೋರೇಜೇ ಬೇಕು!" ಎಂದು ಕೂಗಾಡಿದೆ.

ಗುಡಿಸುತ್ತಿದ್ದ ಅಟೆಂಡರ್ ಜಯಮ್ಮ ಪೊರಕೆ ನಿಲ್ಲಿಸಿದರು.

"ಕರೆಂಟ್ ಬಂದೇಟ್ಗೆ ಎಲ್ಲಾರ ಪಂಪ್‌ಸೆಟ್ಟೂ ಒಟ್ಗೇ ಆನಾದ್ರೆ ಕಂಬದ ಟೀಸಿ, ಟ್ರಾನ್ಸ್‌ಫಾರ್ಮರ್ರೇ ಸುಟ್ಟೋಯ್ತದೆ ಸಾ. ಅದ್ಕೇ ನಮ್ಮೂರು ಬಾಗೂರಲ್ಲಿ ಒಬ್ರಾದ್ಮೇಲೆ ಒಬ್ರು ಆಕ್ತೀವಿ. ಇವೂ ಅಂಗೇ ಅಲ್ವಾ?"

ಎಲ್ಲ ಮಷೀನನ್ನೂ ನಿಲ್ಲಿಸಿ, ಐದೈದಾಗಿ ಎಬ್ಬಿಸಿದೆ. ಪರೀಕ್ಷೆ ಹೊತ್ತಿಗೆ ಸರಿಯಾಗಿ ಶುರುವಾಯಿತು.

ಹೊಸ ಸ್ಟೋರೇಜ್ ಕೇಳಿ ಪ್ರಿನ್ಸಿಪಾಲರಿಗೆ ಆಗಲೇ ಬರೆದಿಟ್ಟಿದ್ದ ಪತ್ರವನ್ನು ಹರಿದು ಎಸೆದೆ. ಗುಡಿಸುವವರು ಜಯಮ್ಮನೇ ಎಂದು ನೆನಪಾಗಿ, ಬಗ್ಗಿ ಚೂರುಗಳನ್ನೆಲ್ಲ ನಾನೇ ಆರಿಸಿ ಜೇಬಿಗಿಟ್ಟುಕೊಂಡೆ.