ಹೋಲ್ಡಾನ್ ಎನ್ನಲಾಗದ ದಿನ

ಮೊನ್ನೆ ರಜೆಗೆ ಬಂದಾಗ ನೀವಿಬ್ಬರೂ ಪಡಸಾಲೆಯಲ್ಲಿ ಕುಳಿತು ಇಂಗ್ಲಿಷ್ ಶಬ್ದಗಳಿಗೆ ಅರ್ಥ ಬರೆಯುತ್ತಿದ್ದಿರಿ. ‘ಹೋಲ್ಡ್’ ಎಂದರೆ ಹಿಡಿ ಎಂದು ಬರೆದದ್ದನ್ನು ಕೇಳಿ, ಶೇಂಗಾ ಸುಲಿಯುತ್ತಿದ್ದ ನಾನು ನಡುವೆ ಬಾಯಿ ಹಾಕಿದೆ.

“ಹೋಲ್ಡಾನ್ ಅಂದ್ರ ನಿಲ್ಲಸು ಅಂತ. ಹಿಡಿ ಅಲ್ಲ.”

“ಅಜ್ಜೀ, ಅದು ಕಂಡಕ್ಟರ್ ಇಂಗ್ಲಿಷ್!” ಎಂದು ನೀವು ಬಿದ್ದು ಬಿದ್ದು ನಕ್ಕಿರಿ. ನಾನೂ ನಕ್ಕೆ. ಆದರೆ ಆಮೇಲೆ ಶೇಂಗಾ ಸುಲಿಯಲು ಮನಸ್ಸಾಗಲಿಲ್ಲ.

ಏಳನೆಯ ಇಯತ್ತೆಯವರೆಗೆ ಕಲಿತ ನನಗೆ ಈ ಶಬ್ದವನ್ನು ಮಾಸ್ತರರು ಕಲಿಸಲಿಲ್ಲ, ಬಸ್ಸು ಕಲಿಸಿತು. ರೈಟ್ ಅಂದರೆ ಹೋಗು, ಹೋಲ್ಡಾನ್ ಅಂದರೆ ನಿಲ್ಲು. ಮುಂದೆ ಕರೆಂಟು ಬಂದಾಗ ಬಲ್ಬು ಸಿಕ್ಕಿಸುವ ಹೋಲ್ಡರ್ ಬಂತು. ಪಂಚಾಯಿತಿಯಲ್ಲಿ ಒಬ್ಬನ ಮಾತು ನಡೆದರೆ “ಅವಂದ ಹೋಲ್ಡ್ ಐತಿ” ಅನ್ನುವುದನ್ನೂ ಕೇಳಿದೆ. ಈಗ ನಿಮ್ಮ ಅವ್ವ ಫೋನಿನಲ್ಲಿ “ಹೋಲ್ಡ್ ಮಾಡವಾ” ಅಂದರೆ ಬೇಳೆ ಉಕ್ಕಿದರೂ ಫೋನನ್ನು ಕಿವಿಯಿಂದ ತೆಗೆಯದೆ ನಿಂತಿರುತ್ತೇನೆ. ಇಷ್ಟೆಲ್ಲ ಗೊತ್ತಿದ್ದರೂ, ಬೇಕಾದ ಒಂದು ದಿನ ಆ ಶಬ್ದ ನನ್ನ ಬಾಯಿಂದ ಬರಲಿಲ್ಲ. ಅದರಿಂದಾದ ತಪ್ಪನ್ನು ಬೆಳ್ಳಟ್ಟಿಯ ನಿಮ್ಮ ದೊಡ್ಡಜ್ಜ ಇಂದಿಗೂ ತಮ್ಮದೆಂದು ಹೊತ್ತುಕೊಂಡಿದ್ದಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಜ್ಜ ಅಂದರೆ ನಿಮ್ಮ ಅಜ್ಜನ ಅಣ್ಣ, ನನಗೆ ಭಾವ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನೊಡನೆ ಮಾತಾಡುವ ಪದ್ಧತಿ ಇಲ್ಲ. ಚಹಾ ಆಗಿದೆ ಎಂದು ತಿಳಿಸಬೇಕಾದರೂ ತೊಟ್ಟಿಲಲ್ಲಿ ಮಲಗಿದ ಕೂಸಿಗೆ “ಚಾ ಆಗೇತಂತ ಹೇಳು” ಎನ್ನುತ್ತಿದ್ದೆ. ಅವರೂ “ಬಂದೆ ಅಂತ ಹೇಳು” ಎಂದು ಕೂಸಿಗೇ ಉತ್ತರ ಕೊಡುತ್ತಿದ್ದರು. ದಾರಿಯಲ್ಲಿ ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಅವರು ತಿರುಗಿ ನೋಡುತ್ತಿರಲಿಲ್ಲ. ಅದು ನನಗೆ ಕೊಡುವ ಮರ್ಯಾದೆ ಎಂದು ತಿಳಿದವರು.

ನನ್ನ ತವರೂರು ಅಸುಂಡಿಯಲ್ಲಿ ಅವ್ವ ತೀರಿಕೊಂಡ ಸುದ್ದಿ ಅವರ ಮೊಬೈಲಿಗೇ ಬಂತು. ನಿಮ್ಮ ಅಜ್ಜ ಬೀಗರ ಮದುವೆಗೆಂದು ಮುಂಡರಗಿಗೆ ಹೋಗಿದ್ದರು. ಫೋನಿನಲ್ಲಿ ನನ್ನ ತಮ್ಮ ಅಳುತ್ತ ಹೇಳಿದ್ದು ಬಾಗಿಲ ಮರೆಯಲ್ಲಿದ್ದ ನನಗೂ ಕೇಳಿಸಿತು: “ಅಕ್ಕನ್ನ ಕರಕೊಂಡು ಜಲ್ದಿ ಬರ್ರಿ. ಆಕಿ ಮಾರಿ ನೋಡೂಮಟ ಅವ್ವನ್ನ ಎತ್ತಂಗಿಲ್ಲ. ಆದ್ರ ಹೊತ್ತ ಮುಳಗೂದ್ರಾಗ ಮಣ್ಣ ಆಗಬೇಕ್ರಿ.”

ಲಕ್ಷ್ಮೇಶ್ವರದಲ್ಲಿ ಅಸುಂಡಿಯ ಮೇಲೆ ಹೋಗುವ ಗದಗಿನ ಬಸ್ಸು ಹತ್ತಿದೆವು. ಸಂತೆಯ ದಿನ. ಮೊದಲು ಹತ್ತಿದ ನನ್ನನ್ನು “ಒಳಗ ಸರೀರಿ, ಒಳಗ ಸರೀರಿ” ಎಂದು ಮಂದಿ ಹಿಂದಿನವರೆಗೂ ನೂಕಿದರು. ಭಾವ ಬಾಗಿಲ ಹತ್ತಿರವೇ ಉಳಿದರು. ನನ್ನ ಒಂದು ಕಡೆ ಉಳ್ಳಾಗಡ್ಡಿ ಚೀಲ, ಇನ್ನೊಂದು ಕಡೆ ಕೊಡ ಹಿಡಿದ ಹೆಂಗಸು. ಸೀರೆಯ ಅಂಚು ಚೀಲದ ಅಡಿಗೆ ಸಿಕ್ಕಿತ್ತು. ಮೇಲಿನ ಸರಳು ನನ್ನ ಕೈಗೆ ಎಟುಕುವುದಿಲ್ಲ, ಆದರೂ ಬೀಳುವ ಹೆದರಿಕೆ ಇರಲಿಲ್ಲ. ಬೀಳಲಿಕ್ಕೂ ಜಾಗ ಬೇಕಲ್ಲ. ಅವ್ವನ ಮುಖ ಒಂದೇ ಕಣ್ಣ ಮುಂದೆ. ಅಳು ಒತ್ತಿಕೊಂಡು ಬರುತ್ತಿತ್ತು, ಅಷ್ಟು ಜನರ ಮುಂದೆ ಅಳಲಿಕ್ಕೂ ಆಗದೆ ತುಟಿ ಕಚ್ಚಿಕೊಂಡು ನಿಂತಿದ್ದೆ.

ಅಸುಂಡಿಯಲ್ಲಿ ಬಸ್ಸು ನಿಂತಿತು. ನಾಲ್ಕೈದು ಮಂದಿ ಇಳಿದರು. ಭಾವ ಇಳಿದದ್ದನ್ನು ಕಿಟಕಿಯಿಂದ ಕಂಡೆ. ನಾನು ಚೀಲ ದಾಟಲು ನೋಡಿದೆ, ಸೀರೆ ಜಗ್ಗಿತು. ಬಗ್ಗಿ ಬಿಡಿಸಿಕೊಳ್ಳುವಷ್ಟರಲ್ಲಿ ಕಂಡಕ್ಟರ್ “ರೈಟ್” ಅಂದ. ಬಸ್ಸು ಹೊರಟಿತು. ಭಾವ ಊರ ದಾರಿ ಹಿಡಿದು ನಡೆದಿದ್ದರು. ಇಳಿದವರಲ್ಲಿ ಒಬ್ಬ ಹೆಣ್ಣುಮಗಳು ಅವರ ಹಿಂದೆಯೇ ಹೋಗುತ್ತಿದ್ದಳು. ಅವಳ ಹೆಜ್ಜೆಯ ಸಪ್ಪಳವನ್ನು ಅವರು ನನ್ನದೆಂದು ತಿಳಿದರು. ಮನೆಯ ಅಂಗಳದವರೆಗೂ ಹಾಗೇ ತಿಳಿದಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಆಗ ನಾನು ಹೋಲ್ಡಾನ್ ಅನ್ನಬೇಕಿತ್ತು. ಕಾಲೇಜಿನ ಹುಡುಗರು ನಗುತ್ತ ಕೂಗುವ ಶಬ್ದ. ಬಾಯಿ ತೆರೆದೆ. ಗಂಡಸರು ತುಂಬಿದ ಬಸ್ಸಿನಲ್ಲಿ ನನ್ನ ದನಿ ಏಳುವುದನ್ನು ನೆನೆಸಿಕೊಂಡು ಮತ್ತೆ ಮುಚ್ಚಿದೆ. ಪಕ್ಕದ ಕೊಡದ ಹೆಂಗಸಿಗೆ ಮೆಲ್ಲಗೆ “ಅಸುಂಡಿ, ಅಸುಂಡಿ” ಅಂದೆ.

“ಹೌದವಾ, ಅಸುಂಡಿನ. ಈಗ ದಾಟಿತಲ್ಲ,” ಅಂದಳು ಆಕೆ, ನಾನು ಊರಿನ ಹೆಸರು ಕೇಳಿದೆನೆಂದು ತಿಳಿದು.

ಕಂಡಕ್ಟರ್ ನನ್ನ ತನಕ ಬರುವಷ್ಟರಲ್ಲಿ ಬಸ್ಸು ಬಹಳ ದೂರ ಬಂದಿತ್ತು. ಭಾವ ಮಂದಿಯ ಕೈಯಿಂದ ದಾಟಿಸಿ ಕಳಿಸಿದ್ದ ನನ್ನ ಟಿಕೆಟ್ ನೋಡಿ ಹಣೆ ಬಡಿದುಕೊಂಡ. “ಏನವಾ ನೀ, ಬಾಯಾಗ ಕಡಬ ಇಟಗೊಂಡಿದ್ದೇನು? ಒಂದ ಸಲ ಹೋಲ್ಡಾನ್ ಅಂದಿದ್ರ ನಿಲ್ಲಸ್ತಿದ್ನಲ್ಲ! ಇನ್ನ ಗದಗಿನ್ಯಾಗ ಇಳಿ.” ಸುತ್ತಲಿನವರು ನಕ್ಕರು. ಅವ್ವನ ಮಣ್ಣಿಗೆ ಹೊರಟಿದ್ದೇನೆ ಎಂದಿದ್ದರೆ ಆತ ಅಲ್ಲಿಯೇ ಇಳಿಸುತ್ತಿದ್ದನೋ ಏನೋ. ಅದನ್ನೂ ಹೇಳಲಿಲ್ಲ.

ಗದಗಿನಲ್ಲಿ ಇಳಿದು ಅಸುಂಡಿಗೆ ಹೋಗುವ ಟಂಟಂ ಹತ್ತಿದೆ. ಒಳಗೆ ಮೂವರೇ ಇದ್ದೆವು. ಗಾಡಿ ತುಂಬುವ ತನಕ ಡ್ರೈವರ್ ಬಿಡುವುದಿಲ್ಲ. ಅವನು ಎಲೆಯಡಿಕೆ ಹಾಕಿಕೊಂಡು ನಿಂತ. ಬಿಸಿಲು ಎದುರಿನ ಅಂಗಡಿಯ ಗೋಡೆಯಿಂದ ಅದರ ತಗಡಿಗೆ ಏರಿತು. ನಾನು ಮೂಲೆಯಲ್ಲಿ ಮುದುಡಿ ಕುಳಿತು ಆ ಬಿಸಿಲನ್ನೇ ನೋಡುತ್ತಿದ್ದೆ. ಇಳಿದು ಓಡಲೇ ಅನ್ನಿಸಿತು, ಓಡಿದರೆ ಮುಟ್ಟುವುದಿಲ್ಲ. ಹೇಳಲೇ ಅನ್ನಿಸಿತು, ಹೇಳಿದರೆ ಅಳು ಕಟ್ಟೆಯೊಡೆಯುತ್ತದೆ. ಕೊನೆಗೆ ಎದುರಿಗೆ ಕುಳಿತಿದ್ದ ಮುದುಕಿ ನನ್ನ ಗದ್ದ ಎತ್ತಿ, “ಯಾಕ ಮಗಳ, ಮಾರಿ ಹಿಂಗ್ಯಾಕಾಗೇತಿ?” ಎಂದು ಕೇಳಿದಳು. “ಅವ್ವ ಹೋದ್ಳು” ಅಂದೆ, ಅಷ್ಟೇ.

ಮುದುಕಿ ಡ್ರೈವರನ ಮೇಲೆ ಹರಿಹಾಯ್ದಳು. “ಏ ಮೂಳ, ಗಾಡಿ ಬಿಡಲೇ! ಈಕಿ ಹಡದವ್ವನ ಮಣ್ಣಿಗೆ ಹೊಂಟಾಳ!”

ಅವನು ಎಲೆಯಡಿಕೆ ಉಗುಳಿ ಒಂದೇ ಜಿಗಿತಕ್ಕೆ ಸೀಟಿಗೆ ಬಂದ. “ಮದ್ಲ ಹೇಳಬಾರದೇನಕ್ಕ? ನಾನೂ ತಾಯಿ ಹೊಟ್ಟ್ಯಾಗ ಹುಟ್ಟಿದಾಂವನ ಅದೇನಿ.” ತುಂಬದ ಗಾಡಿಯನ್ನೇ ಓಡಿಸಿದ.

ನಾನು ತವರಿನ ಹೊಲ ಮುಟ್ಟಿದಾಗ ಕುಣಿಗೆ ಮಣ್ಣು ಹಾಕಿ ಮುಗಿಸಿದ್ದರು. ಇನ್ನೂ ಹಸಿ ಇತ್ತು. ತಮ್ಮ ಓಡಿ ಬಂದು ನನ್ನನ್ನು ಅಪ್ಪಿಕೊಂಡ. “ಭಾಳ ಹೊತ್ತ ಕಾದ್ವಿ ಅಕ್ಕಾ. ಹೊತ್ತ ನಮ್ಮ ಮಾತ ಕೇಳಲಿಲ್ಲ.” ಒಂದು ಹಿಡಿ ಮಣ್ಣು ಮೇಲೆ ಹಾಕಿದೆ. ಅವ್ವನ ಮುಖ ಸಿಗಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರೂ ಕೇಳಿದರು, ಏನಾಯಿತು ಎಂದು. “ಮಂದ್ಯಾಗ ಸಿಕ್ಕೊಂಡಿದ್ದೆ” ಅಂದೆ. ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ನನ್ನ ಸೋದರತ್ತೆ ಭಾವನಿಗೆ ಕೇಳುವಂತೆ ಅಂದಳು: “ಹೆಣ್ಮಗಳನ್ನ ಕರಕೊಂಡ ಬರಾವ್ರು ಒಂದರ ಸಲ ಹೊಳ್ಳಿ ನೋಡಬಾರದೇನು? ಎತ್ತ ಹೊಡಕೊಂಡ ಬರಾವ್ರೂ ನೋಡ್ತಾರ.”

ಅವರು ಟೋಪಿ ಕೈಯಲ್ಲಿ ಹಿಡಿದು ಕಂಬದ ಹತ್ತಿರ ನಿಂತಿದ್ದರು. “ಖರೆ ಐತ್ರಿ. ತಪ್ಪು ನಂದ,” ಅಂದರು.

ಕೂಗಿದ್ದರೆ ಬಸ್ಸು ನಿಲ್ಲುತ್ತಿತ್ತು, ನಾನು ಕೂಗಲಿಲ್ಲ ಎಂದು ಅಲ್ಲಿಯೇ ಹೇಳಬೇಕಿತ್ತು. ಹೇಳಲು ಭಾವನ ಎದುರಿಗೆ ಬಾಯಿ ತೆರೆಯಬೇಕು. ಸೆರಗು ಎಳೆದುಕೊಂಡು ಒಳಗೆ ಹೋದೆ. ಆ ದಿನ ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಅದಾದ ಮೇಲೆ ಅವರು ಮನೆಯ ಯಾವ ಹೆಣ್ಣುಮಕ್ಕಳನ್ನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಸ್ವಂತ ಮಗಳನ್ನು ಬಾಣಂತನಕ್ಕೆ ಕರೆತರಲೂ ಬೇರೆಯವರನ್ನೇ ಕಳಿಸಿದರು. “ನನ್ನ ಕೂಡ ಹೆಣಮಕ್ಕಳನ್ನ ಕಳಸಬ್ಯಾಡ್ರಿ” ಅನ್ನುತ್ತಿದ್ದರು. ಕೇಳಿದವರು ನಕ್ಕರು. ನಾನು ಒಲೆಯ ಮುಂದೆ ಕುಳಿತು ಅದನ್ನೂ ಕೇಳಿದೆ. ನಿಮ್ಮ ಅಜ್ಜ ಇರುವಾಗ ಅವರಿಗಾದರೂ ಹೇಳಬಹುದಿತ್ತು. ಇವತ್ತು, ನಾಳೆ ಎನ್ನುವಷ್ಟರಲ್ಲಿ ಅವರೂ ಹೋದರು.

ಈ ಯುಗಾದಿಗೆ ಬೆಳ್ಳಟ್ಟಿಗೆ ಹೋದಾಗ ದೊಡ್ಡಜ್ಜ ನಿಮ್ಮನ್ನು ಹತ್ತಿರ ಕೂಡಿಸಿಕೊಂಡು, “ನಿಮ್ಮ ಅಜ್ಜಿಗೆ ನಾ ದೊಡ್ಡ ಅನ್ಯಾಯ ಮಾಡೇನಿ” ಎಂದದ್ದು ನೆನಪಿದೆಯೇ? ಮುದುಕರ ಮಾತೆಂದು ನೀವು ಆಟಕ್ಕೆ ಓಡಿದಿರಿ. ನಾನು ಬಾಗಿಲ ಹಿಂದೆಯೇ ಇದ್ದೆ. ನಾಲ್ಕು ಹೆಜ್ಜೆಯ ದೂರ, ಅಷ್ಟೇ. ದಾಟಲಾಗಲಿಲ್ಲ.

ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ಆದ್ದರಿಂದ ಮುಂದಿನ ಸಲ ಹೋದಾಗ ಇದನ್ನು ನೀವೇ ಅವರಿಗೆ ಓದಿ ಹೇಳಬೇಕು. ಎಡಗಿವಿ ಮಂದ, ಬಲಗಡೆ ಕುಳಿತುಕೊಳ್ಳಿ. ಸಾವಕಾಶ ಓದಿರಿ, ಒಂದು ಸಾಲನ್ನೂ ಬಿಡಬೇಡಿ. ನಾನು ಅಡುಗೆಮನೆಯಲ್ಲಿ ಇರುತ್ತೇನೆ. ಅವರು ಏನಾದರೂ ಅಂದರೆ ಬಂದು ಹೇಳಿರಿ. ಏನೂ ಅನ್ನದಿದ್ದರೆ ಅದನ್ನೂ ಬಂದು ಹೇಳಿರಿ.