ಕರಡಿಯನ್ನು ಹೊರಗೆ ಕೂರಿಸಿದವರು

ನನ್ನ ಗಂಡನನ್ನು ಆ ಹುಡುಗರು ತಿಂಗಳುಗಟ್ಟಲೆ ಆಟದ ಹೊರಗೆ ಕೂರಿಸಿದರು. ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಕಂಪ್ಯೂಟರಿನ ಆಟಕ್ಕೆ ಇಷ್ಟು ಸಿಟ್ಟೇ ಎಂದು ನನ್ನ ತಂಗಿ ನಗುತ್ತಾಳೆ. ನಗಲಿ. ಅವಳ ಗಂಡನನ್ನು ಯಾರೂ ಹಾಗೆ ಕೂರಿಸಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ವಾರವಿಡೀ ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಲಗ್ನಪತ್ರಿಕೆ, ಅರ್ಜಿ ಟೈಪಿಂಗು. ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ ಅದು. ಕಾಗದ ತರಲು ಹುಬ್ಬಳ್ಳಿಗೆ ಹೋದಾಗ ಇವರು ಒಂದು ಸೈಬರ್ ಕೆಫೆಯಲ್ಲಿ ಈ ಆಟ ನೋಡಿಕೊಂಡು ಬಂದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಶಟರ್ ಅರ್ಧ ಇಳಿಸಿ ಒಬ್ಬರೇ ಆಡತೊಡಗಿದರು. ಪಕ್ಕದ ಕಂಪ್ಯೂಟರು ಖಾಲಿ ಇತ್ತು, ನಾನೂ ಕೂತೆ. ಮಕ್ಕಳಿಲ್ಲದ ಮನೆ, ಭಾನುವಾರ ಉದ್ದವಾಗಿರುತ್ತಿತ್ತು. ಆಡುತ್ತ ಆಡುತ್ತ ನನಗೆ ಇವರಿಗಿಂತ ಹೆಚ್ಚು ಹುಚ್ಚು ಹಿಡಿಯಿತು.

ಆ ಆಟದಲ್ಲಿ ಹತ್ತು ಜನ ಸೇರಿ ಒಂದು ಗುಹೆಗೆ ನುಗ್ಗಿ ಒಳಗಿನ ದೊಡ್ಡ ರಾಕ್ಷಸನನ್ನು ಕೆಡವಬೇಕು. ಅದಕ್ಕೆ ರೇಡ್ ಎನ್ನುತ್ತಿದ್ದರು. ರಾಕ್ಷಸನ ಎದುರು ನಿಂತು ಎಲ್ಲರ ಪಾಲಿನ ಹೊಡೆತ ತಿನ್ನುವವನು ಟ್ಯಾಂಕ್. ಅವನ ಜೀವ ಇಳಿದ ಹಾಗೆ ತುಂಬಿಸುತ್ತ ಹಿಂದೆ ನಿಂತವರು ಹೀಲರ್. ಉಳಿದವರು ರಾಕ್ಷಸನನ್ನು ಹಿಂದಿನಿಂದ ಹೊಡೆಯುವವರು. ನಾನು ಹೀಲರ್. ಇವರು ಟ್ಯಾಂಕ್. ಟ್ಯಾಂಕ್‌ಗಳಲ್ಲೂ ಜಾತಿಗಳಿದ್ದವು, ಅದಕ್ಕೆ ಕ್ಲಾಸ್ ಎನ್ನುತ್ತಿದ್ದರು. ಕಬ್ಬಿಣದ ಅಂಗಿ ತೊಟ್ಟು ಗುರಾಣಿ ಹಿಡಿಯುವ ಯೋಧ ಒಬ್ಬ. ಮಂತ್ರ ಹೇಳಿ ಕರಡಿಯಾಗಿ ನಿಲ್ಲುವವನು ಇನ್ನೊಬ್ಬ. ಇವರು ಮೊದಲ ದಿನವೇ ಕರಡಿಯನ್ನು ಆರಿಸಿಕೊಂಡರು. ಯಾಕೆ ಎಂದು ಕೇಳಿದ್ದಕ್ಕೆ, "ಕರಡಿ ಆಗಾಕ ಬರ್ತೈತಿ ಅಂದ್ಮ್ಯಾಲೆ ಮನುಷ್ಯಾ ಯಾಕ ಆಗ್ಬೇಕು?" ಎಂದರು. ಇಂಥ ಮನುಷ್ಯ.

ನಮ್ಮ ಗುಂಪಿನ ಮುಖಂಡ ಹುಬ್ಬಳ್ಳಿ ವಿದ್ಯಾನಗರದ ಹುಡುಗ, ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದವನು. ನಮ್ಮ ಅಂಗಡಿಯಲ್ಲೇ ರಿಪೋರ್ಟು ಬೈಂಡ್ ಮಾಡಿಸಿಕೊಂಡು ಹೋದವನು. ಇವರಿಗೆ ಅಣ್ಣಾರು, ಅದಕ್ಕೇ ನನಗೆ ವೈನಿ ಎನ್ನುತ್ತಿದ್ದ. ಆಟದ ಬಗ್ಗೆ ಇಂಗ್ಲಿಷಿನಲ್ಲಿ ಯಾರೋ ಎಲ್ಲೋ ಬರೆದದ್ದನ್ನೆಲ್ಲ ಓದುತ್ತಿದ್ದ, ಓದಿದ್ದನ್ನೆಲ್ಲ ನಂಬುತ್ತಿದ್ದ. ಗುರಾಣಿಯ ಯೋಧನನ್ನು ಆಡುತ್ತಿದ್ದವನು ಗಬ್ಬೂರಿನ ಬೈಪಾಸಿನ ಹತ್ತಿರ ಲಾರಿ ಇಟ್ಟವರ ಮಗ. ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಂದೇ ಕೋಣೆಯಲ್ಲಿ ಕೂತವರ ಹಾಗೆ ಮಾತಾಡುತ್ತ ಆಡುತ್ತಿದ್ದೆವು.

ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ದೊಡ್ಡ ರಾಕ್ಷಸರ ಸರದಿ ಬಂತು. ಒಂದು ಭಾನುವಾರ ನಾವಿಬ್ಬರೂ ತಯಾರಾಗಿ ಕೂತಿದ್ದಾಗ ಹೆಡ್‌ಫೋನಿನಲ್ಲಿ ಮುಖಂಡನ ದನಿ ಬಂತು.

"ವೈನಿ, ನೀವು ಬರ್ರಿ. ಅಣ್ಣಾರು ಇವತ್ತ ಸ್ವಲ್ಪ ಹೊರಗ ಇರ್ಲಿ."

"ಹೊರಗ ಬಿಡಾಕ ಅವರೇನ ಚಪ್ಪಲ್ ಏನು?" ಎಂದೆ.

"ಹಂಗಲ್ರೀ ವೈನಿ. ಕರಡಿ ಮುಂದ ನಿಂತ್ರ ಹೀಲರ್‌ಗೆ ತ್ರಾಸ್ ಆಗ್ತೈತಿ. ಎಲ್ಲಾ ಕಡೆ ಹಂಗ ಬರದಾರ."

"ಹೀಲರ್ ಯಾರು? ನಾನು. ತ್ರಾಸ್ ಆಗ್ತೈತೋ ಇಲ್ಲೋ ನನ್ನ ಕೇಳ್ರಿ. ಬರದವರನ್ನ ಯಾಕ ಕೇಳ್ತೀರಿ?"

ಇವರು ನನ್ನ ಮೊಣಕೈ ಮುಟ್ಟಿ, "ಹೋಗ್ಲಿ ಬಿಡ. ನೀ ಆಡು. ನಾ ಪತ್ರಿಕಿ ಪ್ರೂಫ್ ನೋಡ್ತೇನಿ" ಎಂದರು. ನಾನು ಆಡಿದೆ. ಪಕ್ಕದ ಪರದೆಯ ಮೇಲೆ ಇವರು ಯಾರದೋ ಮದುವೆಯ ಮುಹೂರ್ತದ ಸಾಲು ತಿದ್ದುತ್ತ ಕೂತರು. ಅದೊಂದು ದಿನವಲ್ಲ, ಎಷ್ಟೋ ಭಾನುವಾರ ಹಾಗೇ ಆಯಿತು. ಯಾರಾದರೂ ಬಾರದಿದ್ದರೆ, "ಅಣ್ಣಾರ, ಬರ್ರಿ, ಹಿಂದಿನಿಂದ ಹೊಡೀರಿ" ಎನ್ನುವರು. ಇವರು ಅದಕ್ಕೂ ಹೋಗುವರು.

ಸುಳ್ಳು ಹೇಳುವುದಿಲ್ಲ, ಅವರ ಮಾತಿನಲ್ಲಿ ಖರೇ ಇದ್ದದ್ದೂ ಇತ್ತು. ಗುರಾಣಿ ಇದ್ದವನು ಬಂದ ಹೊಡೆತವನ್ನು ಅರ್ಧಕ್ಕರ್ಧ ತಡೆಯುತ್ತಾನೆ. ಅವನ ಜೀವ ಚೂರುಚೂರಾಗಿ ಇಳಿಯುತ್ತದೆ, ಹೀಲರ್‌ಗೆ ಅಂದಾಜು ಸಿಗುತ್ತದೆ. ಕರಡಿಗೆ ಗುರಾಣಿಯಿಲ್ಲ. ಮೈ ದೊಡ್ಡದು, ಜೀವ ಹೆಚ್ಚು, ಆದರೆ ಇಳಿಯುವಾಗ ಗೋಡೆ ಕುಸಿದ ಹಾಗೆ ಒಮ್ಮೆಲೇ ಇಳಿಯುತ್ತದೆ. ಯೋಧನಿಗೆ ಸಾಯುವ ಗಳಿಗೆಯಲ್ಲಿ ಒತ್ತಲು ಒಂದು ವಿದ್ಯೆ ಇತ್ತು, ಸ್ವಲ್ಪ ಹೊತ್ತು ಯಾವ ಹೊಡೆತವೂ ಅಷ್ಟಾಗಿ ನಾಟುತ್ತಿರಲಿಲ್ಲ. ಕರಡಿಗೆ ಅಂಥದ್ದನ್ನು ಕೊಟ್ಟಿರಲಿಲ್ಲ. ಕರಡಿಯ ರೂಪದಲ್ಲಿರುವಾಗ ಔಷಧದ ಶೀಷೆ ಎತ್ತಿ ಕುಡಿಯಲೂ ಬರುತ್ತಿರಲಿಲ್ಲ. ಇದೆಲ್ಲ ಆಟ ಮಾಡಿದವರ ತಪ್ಪು. ಸಿಟ್ಟು ಬಂದರೆ ಅವರ ಮೇಲೆ ಬರಬೇಕು, ಬಂತು ಕೂಡ. ಆದರೆ ಆ ಹುಡುಗರು ಒಂದೇ ಒಂದು ಸಲವಾದರೂ ದೊಡ್ಡ ರಾಕ್ಷಸನ ಎದುರು ಇವರನ್ನು ನಿಲ್ಲಿಸಿ ನೋಡಿದ್ದರೇ? ಇಲ್ಲ. ಕರಡಿ ಎಂದ ಕೂಡಲೇ ಬೇಡ. ಆಡುವವನು ಯಾರು, ಅವನ ಕೈ ಎಷ್ಟು ಚುರುಕು, ಒಬ್ಬರೂ ಕೇಳಲಿಲ್ಲ. ನನಗೆ ಉರಿದದ್ದು ಅಲ್ಲಿ.

ಮಳೆಗಾಲದ ಒಂದು ಮಧ್ಯಾಹ್ನ ದೊಡ್ಡ ರಾಕ್ಷಸನ ಜೊತೆ ಅರ್ಧ ಹೋರಾಟ ಮುಗಿದಿತ್ತು. ಇದ್ದಕ್ಕಿದ್ದಂತೆ ಗುರಾಣಿಯ ಯೋಧ ನಿಂತಲ್ಲೇ ನಿಂತುಬಿಟ್ಟ. ದನಿಯೂ ಇಲ್ಲ. ಗಬ್ಬೂರಿನಲ್ಲಿ ಕರೆಂಟು ಹೋಗಿತ್ತು. ರಾಕ್ಷಸ ಅವನನ್ನು ಕೆಡವಿ ನಮ್ಮ ಕಡೆ ತಿರುಗಿದ. ಆವತ್ತು ಒಬ್ಬ ಬಾರದ್ದಕ್ಕೆ ಇವರು ಹಿಂದಿನಿಂದ ಹೊಡೆಯುವವರಲ್ಲಿ ಇದ್ದರು. ಯಾರೂ ಹೇಳುವ ಮೊದಲೇ ಕರಡಿಯಾಗಿ ಮುಂದೆ ನುಗ್ಗಿದರು.

"ನನ್ನ ಕಡೆ ಅಷ್ಟ ನೋಡು," ಎಂದರು ನನಗೆ. ಹೆಡ್‌ಫೋನಿನಲ್ಲಿ ಅಲ್ಲ, ಪಕ್ಕದ ಕುರ್ಚಿಯಿಂದ.

ನೋಡಿದೆ. ಬೇರೆ ಯಾರನ್ನೂ ನೋಡಲಿಲ್ಲ. ಇವರ ಜೀವದ ಹಸಿರು ಪಟ್ಟಿ ಧಡಕ್ಕನೆ ಕೆಳಗೆ ಬೀಳುವುದು, ನಾನು ತುಂಬುವುದು, ಮತ್ತೆ ಬೀಳುವುದು. ರಾಕ್ಷಸ ಯಾವಾಗ ಕೈ ಎತ್ತುತ್ತಾನೆ ಎಂಬುದು ಇವರಿಗೆ ಗೊತ್ತಿತ್ತು. ದೊಡ್ಡ ಹೊಡೆತಕ್ಕೆ ಮುಂಚೆ "ಈಗ" ಎನ್ನುವರು, ನಾನು ಅಷ್ಟರಲ್ಲಿ ಮಂತ್ರ ಶುರು ಮಾಡಿರುತ್ತಿದ್ದೆ. ತಿಂಗಳುಗಟ್ಟಲೆ ಪ್ರೂಫ್ ನೋಡುತ್ತೇನೆಂದು ಕೂತವರು ನನ್ನ ಪರದೆಯನ್ನೂ ನೋಡುತ್ತ ಎಲ್ಲವನ್ನೂ ಕಲಿತಿದ್ದರು. ರಾಕ್ಷಸ ಬಿದ್ದ. ಹೆಡ್‌ಫೋನಿನಲ್ಲಿ ಎಲ್ಲರೂ ಕೂಗಿದರು. ನಾನು ಎದ್ದು ನಿಂತಿದ್ದೆ.

ಬಿದ್ದ ರಾಕ್ಷಸನ ಹತ್ತಿರ, ತೊಟ್ಟವರ ಬಲ ಹೆಚ್ಚಿಸುವ ಒಂದು ಚರ್ಮದ ಅಂಗಿ ಸಿಕ್ಕಿತು. ಕರಡಿ ತೊಡುವುದು ಚರ್ಮವನ್ನೇ. ಚೂರಿ ಹಿಡಿದು ಹಿಂದಿನಿಂದ ಹೊಡೆಯುವ ಒಬ್ಬ ಹುಡುಗನಿಗೂ ಅದು ಆಗುತ್ತಿತ್ತು. ಯಾರಿಗೆ ಕೊಡಬೇಕೆಂಬುದು ಮುಖಂಡನ ಕೈಯಲ್ಲಿ. ಅವನು ಚೂರಿಯವನಿಗೆ ಕೊಟ್ಟ.

ನಾನು ನಂಬಲಿಲ್ಲ. "ಕಣ್ಣು ತಪ್ಪಿ ಕೊಟ್ರೇನ್ರಿ?" ಎಂದೆ.

"ಇಲ್ರೀ ವೈನಿ. ಅಂವಾ ವಾರಾ ವಾರಾ ಬರ್ತಾನ. ಅಣ್ಣಾರು ಹೆಂಗೂ ಯಾವಾಗರ ಒಮ್ಮೆ."

"ಯಾವಾಗರ ಒಮ್ಮೆ ಯಾಕ ಬರ್ತಾರ? ಬ್ಯಾಡ ಅಂದವರು ಯಾರು? ನೀವ ಹೊರಗ ಕುಂದ್ರಸ್ತೀರಿ, ಹೊರಗ ಇದ್ರಿ ಅಂತ ನೀವ ಕೊಡಂಗಿಲ್ಲ. ನಾಚಿಕಿ ಆಗ್ಬೇಕು ನಿಮಗ!"

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದೆ. ಕಂಪ್ಯೂಟರನ್ನು ನೇರ ಸ್ವಿಚ್ಚಿನಲ್ಲೇ ಆರಿಸಿದೆ. ಹಾಗೆ ಮಾಡಬಾರದೆಂದು ಗಿರಾಕಿಗಳಿಗೆಲ್ಲ ಹೇಳುವವಳು ನಾನು. ಇವರು ಕರಡಿಯನ್ನು ನಿಧಾನವಾಗಿ ಆಟದ ಊರಿನೊಳಗೆ ತಂದು ನಿಲ್ಲಿಸಿ, ಎಲ್ಲರಿಗೂ ನಮಸ್ಕಾರ ಹೇಳಿ, ಆಮೇಲೆ ಎದ್ದರು.

ಮಾರನೆಯ ದಿನ ಮುಖಂಡ ಬೈಕ್ ಹೊಡೆದುಕೊಂಡು ಅಂಗಡಿಗೇ ಬಂದ. ರಾಯಾಪುರದ ಹತ್ತಿರ ಮಳೆಗೆ ಸಿಕ್ಕು ಪೂರಾ ತೊಯ್ದಿದ್ದ. ಇವರು ಒರೆಸಿಕೊಳ್ಳಲು ಟವೆಲ್ ಕೊಟ್ಟರು, ಎದುರಿನ ಹೋಟೆಲಿಗೆ ಕೂಗಿ ಚಹಾ ತರಿಸಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

"ಸಿಟ್ಟಾಗಬ್ಯಾಡ್ರಿ ವೈನಿ. ನೀವಿಲ್ಲಂದ್ರ ರೇಡ್ ನಡ್ಯಂಗಿಲ್ಲ."

"ನಾನು ಬೇಕು, ಇವರು ಬ್ಯಾಡ. ಹೌದಿಲ್ಲೋ?"

"ಅಣ್ಣಾರು ಛಲೋ ಆಡ್ತಾರ್ರಿ. ನಾ ಇಲ್ಲ ಅನ್ನಂಗಿಲ್ಲ. ಅವರ ಕ್ಲಾಸ್ ಸರಿ ಇಲ್ಲ. ಗುರಾಣಿಯವನ್ನ ಮಾಡ್ಕೊಂಡ್ರ ಮೊದಲ ಜಾಗಾ ಅವರಿಗೇ ಕೊಡ್ತೇನಿ."

"ನಿನ್ನೆ ಯಾರು ನಿಂತಿದ್ರು ಮುಂದ?"

"ಅದು ನಶೀಬ್ರಿ ವೈನಿ."

ನಶೀಬು! ಕೈಯಲ್ಲಿದ್ದ ಪಂಚಿಂಗ್ ಯಂತ್ರವನ್ನು ಗಟ್ಟಿಯಾಗಿ ಒತ್ತಿದೆ, ಯಾರದೋ ಅರ್ಜಿಯ ಸಹಿಯ ಮೇಲೆ ತೂತು ಬಿತ್ತು. "ಚಹಾ ಕುಡೀರಿ, ಹೋಗ್ರಿ. ನಾ ಬರಂಗಿಲ್ಲ," ಎಂದೆ. ಇವರು ಅವನನ್ನು ಬಾಗಿಲ ತನಕ ಕಳಿಸಿ ಬಂದರು. ಹುಡುಗ ಹೋದ ಮೇಲೆ, "ಪಾಪ, ಮಳ್ಯಾಗ ಬಂದಿದ್ದಾ," ಎಂದರು. ಆ ದಿನ ನಾನು ಇವರ ಜೊತೆ ಊಟಕ್ಕೆ ಕೂರಲಿಲ್ಲ.

ನಾನು ಬೇರೆ ಗುಂಪು ಸೇರಿದೆ. ಅದರ ಮುಖಂಡೆ ಕೊಲ್ಹಾಪುರದ ಒಬ್ಬ ಶಾಲಾ ಶಿಕ್ಷಕಿ. ನನ್ನ ಹರಕು ಮರಾಠಿಯಲ್ಲೇ ನಡೆಯುತ್ತಿತ್ತು. ನನ್ನ ಗಂಡ ಕರಡಿ ಎಂದು ಹೇಳಿದಾಗ ಆಕೆ, "ಕರೆದುಕೊಂಡು ಬಾ, ನೋಡೋಣ" ಎಂದಳು. ನೋಡೋಣ ಎಂಬ ಆ ಒಂದು ಮಾತು ಈ ಹುಡುಗರ ಬಾಯಲ್ಲಿ ಬಂದಿರಲಿಲ್ಲ. ಆದರೆ ಇವರು ಬರಲಿಲ್ಲ. ಹೊಸಬರ ಜೊತೆ ಮಾತಾಡಲು ಇವರಿಗೆ ಸಂಕೋಚ.

ಕೆಲ ತಿಂಗಳಿಗೆ ಆಟ ಮಾಡುವ ಕಂಪನಿಯವರು ಹೊಸ ಆವೃತ್ತಿ ತಂದರು. ಕರಡಿಗೂ ಸಾಯುವ ಗಳಿಗೆಯ ವಿದ್ಯೆ ಬಂತು, ಚರ್ಮ ಗಟ್ಟಿಯಾಯಿತು. ಆಟದ ಬಗ್ಗೆ ಬರೆಯುವವರೆಲ್ಲ ಈಗ ಕರಡಿಯೇ ಬೇಕು ಎಂದು ಬರೆದರು. ಆ ವಾರವೇ ಅಂಗಡಿಯ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ.

"ವೈನಿ, ಅಣ್ಣಾರು ಅದಾರೇನ್ರಿ?"

ಇಡಬೇಕೆಂದಿದ್ದೆ. ಅಷ್ಟರಲ್ಲಿ ಇವರು ಕೈಚಾಚಿ ಇಸಿದುಕೊಂಡರು. "ಹೂನಪಾ. ಬರ್ತೇನಿ. ಯಾವಾಗ?" ಎಂದರು. ಮುಖ ಅರಳಿತ್ತು.

ಫೋನಿಟ್ಟ ಮೇಲೆ ನಾನು ಕೂಗಾಡಿದೆ. "ಇಷ್ಟ ದಿನಾ ಬ್ಯಾಡ ಅಂದವರ ಕರದ ಕೂಡ್ಲೆ ಹೊಂಟ್ರೆಲ್ಲ, ನಿಮಗ ಏನೂ ಅನಸಂಗಿಲ್ಲೇನು?"

"ಅನಸ್ತಿತ್ತು," ಎಂದರು. "ಪ್ರೂಫ್ ನೋಡ್ಕೋತ ಕುಂತಾಗ ಭಾಳ ಅನಸ್ತಿತ್ತು. ಈಗ ಆಡಾಕ ಸಿಕ್ಕೈತಿ, ಆಡ್ತೇನಿ."

ಇಷ್ಟು ದಿನ ಇವರಿಗೆ ನೋವೇ ಆಗಿಲ್ಲ ಎಂದುಕೊಂಡಿದ್ದೆ. ಆಗಿತ್ತು ಎಂದು ತಿಳಿದ ಮೇಲೆ ಆ ಹುಡುಗರ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು. ಆಮೇಲಿನ ಭಾನುವಾರಗಳಲ್ಲಿ ಇವರು ಅವರ ರೇಡಿನಲ್ಲಿ ಎಲ್ಲರ ಮುಂದೆ ನಿಂತರು, ನಾನು ಪಕ್ಕದ ಕುರ್ಚಿಯಲ್ಲಿ ಕೊಲ್ಹಾಪುರದವರ ಜೀವ ತುಂಬಿದೆ. ನೀವೂ ಬಂದುಬಿಡಿ ಎಂದು ಆ ಹುಡುಗರು ಎಷ್ಟೋ ಸಲ ಹೇಳಿ ಕಳಿಸಿದರು. ನಾನು ಹೋಗಲಿಲ್ಲ.